ಬಾಲಕ್ಕೆ ಕೆಂಪು ನೂಲು ಕಟ್ಟಿದ ಚಿರತೆ

ಚಿರತೆಯ ಬಾಲ ಮುರಿದದ್ದು ಬೆಕ್ಕಿನಿಂದ. ಬನಹಟ್ಟಿಯ ನೇಕಾರ ಪರಮಾನಂದನ ಮನೆಯಲ್ಲಿ ನಡೆದ ಈ ಅನಾಹುತವನ್ನು ಆ ದಿನ ಯಾರೂ ದೊಡ್ಡದು ಮಾಡಲಿಲ್ಲ. ಚಿರತೆ ಎಂದರೂ ಅದು ಹೆಬ್ಬೆರಳಿನ ಉದ್ದದ್ದು. ಅಪ್ಪ ತಿದ್ದಿ ಕೊಟ್ಟ ಗೊಂಬೆಗೆ ಮಗಳು ಅಂಜನಾ ಬಣ್ಣ ಬಳಿದು, ಸೂಜಿಯ ಮೊನೆಯಿಂದ ಒಂದೊಂದೇ ಮಚ್ಚೆ ಇಟ್ಟಿದ್ದಳು.

ಪರಮಾನಂದನ ಮನೆಯ ಮುಂದಿನ ಭಾಗದಲ್ಲಿ ಪಾವರ್‌ಲೂಮ್ ಮಗ್ಗಗಳು, ಹಿಂದಿನ ಭಾಗದಲ್ಲಿ ಅಡುಗೆಮನೆ. ನಡುವೆ ಮೆಟ್ಟಿಲ ಕೆಳಗಿನ ಕತ್ತಲು ಮೂಲೆಯಲ್ಲಿ ಅವನ ಇನ್ನೊಂದು ಸಂಸಾರ. ಮುಧೋಳದಲ್ಲಿ ಕಾಲೇಜು ಮಾಸ್ತರನಾಗಿದ್ದ ಗೆಳೆಯ ಯುವರಾಜ ಅವನಿಗೆ ಈ ಹುಚ್ಚು ಹಿಡಿಸಿದ್ದ. ಭಾನುವಾರ ಬಂತೆಂದರೆ ಇಬ್ಬರೂ ಮೇಜಿನ ಎರಡು ಬದಿಗೆ ಬೆರಳಿನ ಗೆಣ್ಣಿನಷ್ಟು ಎತ್ತರದ ಸೈನಿಕರನ್ನು ನಿಲ್ಲಿಸಿ, ಟೇಪು ಹಿಡಿದು ದೂರ ಅಳೆದು, ದಾಳ ಎಸೆದು ಯುದ್ಧ ಮಾಡುತ್ತಿದ್ದರು. ಸೈನಿಕರನ್ನು ತರುವುದು ಯುವರಾಜನ ಕೆಲಸ. ಅವರು ಕಾದಾಡುವ ನೆಲವನ್ನು, ಅಂದರೆ ಗುಡ್ಡ, ಹಳ್ಳ, ಪಾಳು ಕೋಟೆಗಳನ್ನು, ಕಟ್ಟುವುದು ಪರಮಾನಂದನದು. ಕಾದ ತಂತಿಯಿಂದ ಥರ್ಮಾಕೋಲು ಕೊರೆದು ಬಂಡೆ ಮಾಡುತ್ತಿದ್ದ. ಕುದಿಸಿ ಒಣಗಿಸಿದ ಚಹಾಪುಡಿ ಅಂಟಿಸಿದರೆ ಅದೇ ಎರೆಮಣ್ಣು.

ಈ ಸಲ ಅವನು ಕಬ್ಬಿನ ಹೊಲ ಕಟ್ಟಿದ್ದ. ಕಸಬರಿಗೆ ಕಡ್ಡಿಗಳೇ ಕಬ್ಬು, ಮಗ್ಗದ ಕೆಳಗೆ ಬಿದ್ದ ಹಸಿರು ನೂಲಿನ ತುಣುಕುಗಳೇ ಎಲೆ. ಮಾದರಿಗೆಂದು ಕಣ್ಣ ಮುಂದೆ ಇಟ್ಟುಕೊಂಡದ್ದು ಬಾಡಗಂಡಿಯಲ್ಲಿದ್ದ ಅಕ್ಕ ಅನಸವ್ವನ ಹೊಲವನ್ನು. ಅಲ್ಲಿಯ ಸೊಟ್ಟ ಬೇವಿನ ಮರ, ಪಂಪಿನ ಮನೆಯ ನೀಲಿ ಬಾಗಿಲು, ಎಲ್ಲವೂ ಬಂದಿದ್ದವು. ಚಿರತೆಯದು ಅಂಜನಾಳ ಯೋಚನೆ. ಕಬ್ಬಿನೊಳಗೆ ದಂಡು ಹೊಕ್ಕರೆ ದಾಳ ಎಸೆಯಬೇಕು. ಆರು ಬಿದ್ದರೆ ಚಿರತೆ ನಿದ್ದೆ ಮಾಡುತ್ತಿದೆ ಎಂದು ಅರ್ಥ, ದಂಡು ಸುಖವಾಗಿ ದಾಟಬಹುದು. ಬೇರೆ ಏನು ಬಿದ್ದರೂ ಒಬ್ಬ ಸೈನಿಕ ಹೋದ. ಆರು ಬಿದ್ದಾಗಲೆಲ್ಲ ಹುಡುಗಿ ಮಗ್ಗದ ಸದ್ದನ್ನೂ ಮೀರಿಸಿ ಕೂಗುತ್ತಿದ್ದಳು: "ಆರು ಬಿತ್ತು! ಚಿರತಿ ಮಲಗೇತಿ!"

ಬೆಕ್ಕು ಮುರಿದ ಬಾಲಕ್ಕೆ ಅಂಟು ನಿಲ್ಲಲಿಲ್ಲ. ಅಂಜನಾ ಕೆಂಪು ರೇಷ್ಮೆಯ ಎಳೆಯೊಂದನ್ನು ಸುತ್ತಿ, ಮಗ್ಗದಲ್ಲಿ ಎಳೆ ಹರಿದಾಗ ನೇಕಾರರು ಹಾಕುವ ಸಣ್ಣ ಗಂಟು ಹಾಕಿದಳು. ಬಾಲ ನಿಂತಿತು.

ಆಟದ ಡಬ್ಬಿಯ ಮೇಲೆ ಒಂದು ಛಲೋ ಚಿತ್ರ ಬೇಕೆಂದು ಪರಮಾನಂದನಿಗೆ ಆಸೆ. ಫೋಟೋ ಕೊಟ್ಟು, ಬೇಕಾದ್ದನ್ನು ಬರೆದರೆ ಚಿತ್ರ ಮಾಡಿಕೊಡುವ ಎಐ ಆ್ಯಪೊಂದನ್ನು ಯುವರಾಜ ಫೋನಿಗೆ ಹಾಕಿಕೊಟ್ಟಿದ್ದ. ತಂದೆ ಮಗಳು ಗೊಂಬೆ ಹೊಲದ ಫೋಟೋ ಕೊಟ್ಟರು, ಜೊತೆಗೆ ಅಕ್ಕನ ಹೊಲದ ಫೋಟೋವನ್ನೂ ಕೊಟ್ಟರು. ಮೊದಮೊದಲು ಬಂದವನ್ನು ನೋಡಿ ಇಬ್ಬರೂ ಬಿದ್ದು ಬಿದ್ದು ನಕ್ಕರು. ಒಂದರಲ್ಲಿ ಚಿರತೆಗೆ ಐದು ಕಾಲು, ಇನ್ನೊಂದರಲ್ಲಿ ಕಬ್ಬು ಬಿದಿರಿನಂತೆ ದಪ್ಪ. 'ಖರೆ ಇದ್ದಂಗ ಮಾಡು' ಎಂದು ಪರಮಾನಂದ ಬರೆದ. ಮತ್ತೆ ಬರೆದ. ಆಮೇಲೆ ಬಂದ ಚಿತ್ರ ನೋಡಿ ಇಬ್ಬರ ನಗುವೂ ನಿಂತಿತು.

ಮಂಜು ಕೂತ ಎಲೆಗಳ ನಡುವಿನಿಂದ ಚಿರತೆ ತಿರುಗಿ ನೋಡುತ್ತಿತ್ತು. ಹಿಂದೆ ಸೊಟ್ಟ ಬೇವು, ನೀಲಿ ಬಾಗಿಲು. ಬಾಲದ ನಡುವೆ ನೂಲು ಇದ್ದಲ್ಲಿ ಕೆಂಪು ಗಾಯ, ಗಾಯದಿಂದ ಇಳಿಯುವ ರಕ್ತ.

"ಅಪ್ಪಾ, ನನ್ನ ದಾರ ಎಲ್ಲೆ ಹೋತು?" ಎಂದು ಅಂಜನಾ ಕೇಳಿದಳು. ಪರಮಾನಂದ ಆ ಚಿತ್ರವನ್ನು ಯುವರಾಜನಿಗೆ ಒಬ್ಬನಿಗೇ ಕಳಿಸಿದ. ಮುಂದೆ ದೀಪಾವಳಿ ರಜೆ ಬಿದ್ದು, ಅಂಜನಾ ಬಾಡಗಂಡಿಗೆ ಅತ್ತೆಯ ಮನೆಗೆ ಹೋದಳು.

*

ಮಧ್ಯಾಹ್ನ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದಾಗ ಪರಮಾನಂದ ಫೋನ್ ತೆಗೆದ. ನೇಕಾರರ ವಾಟ್ಸಾಪ್ ಗುಂಪಿನಲ್ಲಿ ಅವನ ಚಿರತೆಯೇ ಎದುರಿಗೆ ಬಂತು. ಕೆಳಗೆ ಯಾರೋ ಬರೆದಿದ್ದರು: 'ಬಾಡಗಂಡಿ ಹೊಲದಾಗ ಚಿರತಿ. ಮಕ್ಕಳನ್ನ ಹೊರಗ ಬಿಡಬ್ಯಾಡ್ರಿ.'

ಅವನಿಗೆ ಮೊದಲು ನಗು ಬಂತು. ಒಳ್ಳೆಯ ಚಿತ್ರವೆಂದು ಯುವರಾಜ ಅದನ್ನು ಸ್ಟೇಟಸ್‌ಗೆ ಇಟ್ಟದ್ದನ್ನು ಅವನು ನೋಡಿದ್ದ. ಅಲ್ಲಿಂದ ಯಾರು ಎತ್ತಿದರೋ, ಯಾರು ಊರ ಹೆಸರು ಸೇರಿಸಿದರೋ. ನಗುತ್ತಲೇ ಅಕ್ಕನ ಮಗ ಬಾಳುವಿಗೆ ಫೋನ್ ಮಾಡಿದ. ಆ ಕಡೆಯಿಂದ ಮಾತಿಗಿಂತ ಮುಂಚೆ ಡೊಳ್ಳು ಕೇಳಿಸಿತು.

"ಮಾಮಾ, ಆಮ್ಯಾಲೆ ಮಾತಾಡ್ತೇನ್ರಿ. ಚಿರತಿ ನಮ್ಮ ಹೊಲದಾಗ ಹೊಕ್ಕೈತಿ. ನಾಕೂ ಕಡಿ ಮಂದಿ ನಿಂತೈತಿ."

"ಲೇ ಬಾಳ್ಯಾ, ಅದು ಖೊಟ್ಟಿ ಫೋಟೋ. ನಾನ ಮಾಡೇನಿ ಅದನ್ನ, ಫೋನಿನ್ಯಾಗ."

"ಚಾಷ್ಟಿ ಮಾಡಬ್ಯಾಡ್ರಿ ಮಾಮಾ. ನಮ್ಮ ಪಂಪಿನ ಮನಿ ಬಾಗಲಾ ನಮಗ ಗೊತ್ತಾಗೂದಿಲ್ಲೇನು? ಬಾಲಕ್ಕ ಉರ್ಲು ಬಿದ್ದು ರಕ್ತ ಸುರ್ಯಾಕತ್ತೈತಿ. ಗಾಯಾದ ಚಿರತಿ ಮನಶಾರನ್ನ ಬಿಡೂದಿಲ್ಲ. ಹೆಂಗಿದ್ರೂ ಕಟಾವಿಗೆ ಬಂದ ಕಬ್ಬು, ಬೆಂಕಿ ಹಚ್ಚಿ ಬಿಡೂದ ಅಂತ ಅಪ್ಪ ಅಂದಾನ."

ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತುವವರಿಲ್ಲ. ಆಗ ಅವನ ಕಣ್ಣಿಗೆ ಬಿದ್ದದ್ದು ಅನಸವ್ವನ ಫೋನಿನಿಂದ ಬಂದು, ಮಗ್ಗದ ಗದ್ದಲದಲ್ಲಿ ತಾನು ಕೇಳಿಸಿಕೊಳ್ಳದೆ ಬಿಟ್ಟಿದ್ದ ಧ್ವನಿ ಸಂದೇಶ. ಒತ್ತಿದ. ಅಂಜನಾಳ ದನಿ ಪಿಸುಗುಟ್ಟಿತು:

"ಅಪ್ಪಾ, ಇಲ್ಲೆ ಎಲ್ಲಾರೂ ನಮ್ಮ ಚಿರತಿಗೆ ಅಂಜಾಕತ್ತಾರ! ನಾ ಬಣ್ಣಾ ಹಚ್ಚಿದ್ದು ಅಂದ್ರ ಬಾಳಣ್ಣ ನಂಬವಲ್ಲ. ಅದಕ್ಕ ನಾ ಕಬ್ಬಿನ್ಯಾಗ ಹೊಕ್ಕು ಆ ಕಡಿಯಿಂದ ಹೊರಗ ಬಂದು ತೋರಸ್ತೇನಿ. ಅತ್ತಿ ಮುಂದ ಹೇಳಬ್ಯಾಡ."

ಕದದ ಬಳಿ ನಿಂತು ಕೇಳಿಸಿಕೊಂಡ ಹೆಂಡತಿ ಬನಶಂಕರಿಯ ಕೈಯಿಂದ ನೂಲಿನ ಬುಟ್ಟಿ ಜಾರಿತು. ಆ ಊರೆಲ್ಲ ಹೆದರಿ ಹೊರಗೆ ನಿಂತಿದ್ದರೆ, ಹೆದರದ ಒಂದೇ ಒಂದು ಜೀವ ಒಳಗಿತ್ತು. ಅದು ಅವರ ಮಗಳು.

*

ಯುವರಾಜನಿಗೆ ಫೋನ್ ಮಾಡಿ, ಪೊಲೀಸರಿಗೆ ತಿಳಿಸು ಎಂದಷ್ಟೇ ಹೇಳಿ ಪರಮಾನಂದ ಗಾಡಿ ಹೊರಗೆ ತೆಗೆದ. ಫೋಟೋ ತೋರಿಸಿದರೆ ಯಾರೂ ನಂಬುವುದಿಲ್ಲವೆಂದು ಅವನಿಗೆ ಗೊತ್ತಾಗಿತ್ತು. ಗೊಂಬೆ ಹೊಲವನ್ನು ಎತ್ತಿ ಹಿಂದೆ ಕೂತ ಹೆಂಡತಿಯ ತೊಡೆಯ ಮೇಲಿಟ್ಟ. ಚಿರತೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಜಮಖಂಡಿ ದಾಟುವವರೆಗೆ ಬನಶಂಕರಿ ಒಂದು ಕೈಯಲ್ಲಿ ಫೋನ್ ಹಿಡಿದು ಅನಸವ್ವನಿಗೆ ಹಚ್ಚುತ್ತಲೇ ಇದ್ದಳು. ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಅನಸವ್ವ ಫೋನನ್ನು ಮನೆಯಲ್ಲಿ ಬಿಟ್ಟು ಹೊಲಕ್ಕೆ ಹೋಗಿರಬೇಕು.

"ಜೋರ ಹೊಡೀರಿ."

"ಹೊಡ್ಯಾಕತ್ತೇನಿ."

"ಮಂದಿ ಗಂಡಸರು ಕುಡೀತಾರ, ಇಸ್ಪೀಟ ಆಡ್ತಾರ, ನನ್ನ ಗಂಡ ಅಂಥಾ ಮನಶಾ ಅಲ್ಲ, ಸುಮ್ನ ಮೂಲ್ಯಾಗ ಕುಂತು ಗೊಂಬಿ ಮಾಡ್ತಾನ ಅಂತ ಓಣಿ ತುಂಬಾ ಹೇಳ್ಕೊಂಡ ಅಡ್ಡಾಡಿದ್ನಿ." ಅವಳು ಮತ್ತೆ ನಂಬರು ಒತ್ತಿದಳು. "ಕುಡದಿದ್ರ ಛಲೋ ಇತ್ತು."

ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ತೂಗಾಡುತ್ತ ಹೊರಟಿದ್ದವು. ಹಾಡು ಅಷ್ಟು ಜೋರಾಗಿ ಹಚ್ಚಿದ್ದ ಅವುಗಳ ಚಾಲಕರಿಗೆ ಇವನ ಹಾರ್ನು ಕೇಳುವ ಹಾಗಿರಲಿಲ್ಲ. ರಸ್ತೆಯ ಅಂಚಿನ ಮಣ್ಣಿಗಿಳಿದು ಒಂದೊಂದನ್ನೇ ದಾಟಿದ. ಗಾಳಿಗೆ ಹಸಿರು ನೂಲಿನ ಎಲೆಗಳು ಕಿತ್ತು ಹಾರಿ ಹಿಂದೆ ಉಳಿಯುತ್ತಿದ್ದವು. ಬನಶಂಕರಿ ಮಗುವನ್ನು ಅವಚಿಕೊಂಡಂತೆ ಆ ಹೊಲವನ್ನು ಸೆರಗಿನಿಂದ ಮುಚ್ಚಿ ಹಿಡಿದಳು.

ಬೀಳಗಿ ದಾಟಿದ ಮೇಲೆ ದೂರದಲ್ಲಿ ಹೊಗೆ ಕಾಣಿಸಿತು. ಗಾಡಿ ಒಮ್ಮೆ ಓಲಾಡಿತು.

"ಕಾರ್ಖಾನಿ ಹೊಗಿರೀ ಅದು," ಎಂದು ಬನಶಂಕರಿ ಬೆನ್ನಿಗೆ ಗುದ್ದಿದಳು. "ಕಾರ್ಖಾನಿ ಚಿಮಣಿದು. ಹೊಡೀರಿ ನೀವು."

ಅವಳೂ ಅದನ್ನು ನಂಬಿರಲಿಲ್ಲ. ಚಿಮಣಿ ಕಣ್ಣಿಗೆ ಕಾಣುವವರೆಗೆ ಗಂಡನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು.

*

ಹೊಲದ ಬದುವಿನ ಮೇಲೆ ಊರೇ ನಿಂತಿತ್ತು. ಡೊಳ್ಳು, ತಗಡಿನ ಡಬ್ಬಿ, ಕೊಡಲಿ, ಕೋಲು. ಪೊಲೀಸರು ಇನ್ನೂ ಬಂದಿರಲಿಲ್ಲ. ಪಕ್ಕದ ಹೊಲಗಳಿಗೆ ಬೆಂಕಿ ಹಾರದಂತೆ ಬದುಗಳನ್ನು ಸವರಿಸುವುದರಲ್ಲಿ ಹೊತ್ತು ಕಳೆದಿತ್ತು. ಈಗ ಅನಸವ್ವನ ಗಂಡ ಮಲಕಾಜಪ್ಪ ರವದಿಯ, ಅಂದರೆ ಕಬ್ಬಿನ ಒಣಗರಿಯ, ಕಟ್ಟೊಂದಕ್ಕೆ ಸೀಮೆಎಣ್ಣೆ ಸುರಿದು, ತಯಾರೆಂದು ಎದುರು ಬದುವಿನ ಮಂದಿ ಕೈ ಎತ್ತುವುದನ್ನೇ ಕಾಯುತ್ತಿದ್ದ. ಪರಮಾನಂದ ಗಾಡಿ ನಿಲ್ಲಿಸಲೂ ಇಲ್ಲ, ಕೆಡವಿಯೇ ಓಡಿದ.

"ಭಾವಾರ, ಹಚ್ಚಬ್ಯಾಡ್ರಿ! ಅಂಜನಾ ಒಳಗದಾಳ!"

ಮಲಕಾಜಪ್ಪನ ಕೈಯಿಂದ ಕಡ್ಡಿಪೆಟ್ಟಿಗೆ ಬಿತ್ತು. ಅನಸವ್ವ ಎದೆ ಹಿಡಿದುಕೊಂಡಳು. "ಮನ್ಯಾಗ ಮಲಗಿದ್ಲಲ್ಲೋ ತಮ್ಮಾ! ಮಲಗಿದ್ಲು, ನಾನ ನೋಡಿ ಬಂದೇನಿ!"

ಬೆಂಕಿ ತಪ್ಪಿತು. ಆದರೆ ಹೆದರಿಕೆ ಇಮ್ಮಡಿಯಾಯಿತು. ಗಾಯಗೊಂಡ ಚಿರತೆಯ ಬಾಯಿಗೆ ಹುಡುಗಿ ಸಿಕ್ಕಳೆಂದು ಗದ್ದಲವೆದ್ದಿತು. ಡೊಳ್ಳಿನವರು ಇನ್ನೂ ಜೋರಾಗಿ ಬಡಿಯತೊಡಗಿದರು, ಸದ್ದಿಗೆ ಪ್ರಾಣಿ ಅವಳ ಹತ್ತಿರ ಹೋಗದಿರಲಿ ಎಂದು. ಪರಮಾನಂದ ಮಗಳ ಹೆಸರು ಕೂಗಿದ. ಅವನ ದನಿ ಅವನಿಗೇ ಕೇಳಿಸಲಿಲ್ಲ. ತಲೆಯ ಮೇಲೆ ಎರಡಾಳು ಬೆಳೆದು ಹೆಣೆದುಕೊಂಡ ಕಬ್ಬು ಅದು. ಒಳಹೊಕ್ಕ ಎಳೆಯ ಹುಡುಗಿಗೆ ದಿಕ್ಕು ತಿಳಿಯಬೇಕಾದರೆ ಕರೆಯುವ ದನಿಯಾದರೂ ಕೇಳಬೇಕು.

"ಡೊಳ್ಳು ನಿಲ್ಲಸ್ರಿ! ಚಿರತಿ ಇಲ್ಲ ಒಳಗ!"

"ಹುಚ್ಚ ಹಿಡದೈತೇನು ನಿನಗ?" ಮಲಕಾಜಪ್ಪ ಅವನ ತೋಳು ಹಿಡಿದೆಳೆದ. "ಡೊಳ್ಳು ನಿಲ್ಲಿಸಿದ್ರ ಕೂಸು ಉಳೀತೈತೇನು? ಮಗ್ಗ ಹೊಡ್ಯಾಂವಗ ಹೊಲದ ಸುದ್ದಿ ಏನ ತಿಳೀಬೇಕು!"

ಬನಶಂಕರಿ ಜನರನ್ನು ನೂಕಿಕೊಂಡು ಬಂದು ಗೊಂಬೆ ಹೊಲವನ್ನು ಅನಸವ್ವನ ಮುಂದೆ ನೆಲಕ್ಕಿಟ್ಟಳು. ಅರ್ಧ ಕಬ್ಬು ಬೋಳಾಗಿತ್ತು. ಸೊಟ್ಟ ಬೇವು, ನೀಲಿ ಬಾಗಿಲು ಉಳಿದಿದ್ದವು. ಪರಮಾನಂದ ಜೇಬಿನಿಂದ ಚಿರತೆಯನ್ನು ತೆಗೆದು ಅಕ್ಕನ ಅಂಗೈಗೆ ಹಾಕಿದ.

"ಅಕ್ಕಾ, ಬಾಲ ನೋಡು."

ಅನಸವ್ವ ಬಾಳುವಿನ ಫೋನು ಕಸಿದುಕೊಂಡು ಚಿತ್ರ ನೋಡಿದಳು. ಅಂಗೈಯಲ್ಲಿದ್ದುದನ್ನು ನೋಡಿದಳು. ಗಾಯ ಇದ್ದಲ್ಲೇ ನೂಲು. ಅವಳ ಹೆಬ್ಬೆರಳು ಗಂಟಿನ ಮೇಲೆ ಹೋಗಿ ನಿಂತಿತು.

"ಈ ಗಂಟು ಹುಡಿಗಿಗೆ ನಾನ ಕಲಿಸಿದ್ದು," ಎಂದಳು. "ಹೋದ ರಜಾದಾಗ. ನಮ್ಮವ್ವ ನನಗ ಕಲಿಸಿದ್ದು." ಆಮೇಲೆ ಅವಳು ಡೊಳ್ಳಿನವನ ಕಡೆ ತಿರುಗಿ, ಗಂಡ ಮುಂದೆ ನಿಂತಿದ್ದಾನೆಂಬುದನ್ನೂ ಮರೆತು ಕಿರುಚಿದಳು: "ನಿಲ್ಲಸೋ ಬಾಡ್ಯಾ!"

ಡೊಳ್ಳು ನಿಂತಿತು. ಡಬ್ಬಿಗಳು ನಿಂತವು. ಕರೆಂಟು ಹೋದ ಓಣಿಯಂತೆ ಎಲ್ಲ ನಿಶ್ಶಬ್ದವಾಯಿತು.

"ಅಂಜೂ!"

ಉತ್ತರವಿಲ್ಲ. ಪರಮಾನಂದ ಕಬ್ಬಿನೊಳಗೆ ನುಗ್ಗಿದ. ಎಲೆಯ ಅಂಚು ಮುಖ ಕೊಯ್ದಿತು. ಹತ್ತು ಮಾರು ಹೋಗುವುದರೊಳಗೆ ಹಿಂದಿನ ಬೆಳಕು ಮುಚ್ಚಿಕೊಂಡಿತು. ಎಡಕ್ಕೆ ಏನೋ ಸರಕ್ ಎಂದಿತು. ಅವನು ನಿಂತ. ಇಲ್ಲದ ಚಿರತೆಯನ್ನು ತನ್ನ ಕೈಯಾರೆ ಹುಟ್ಟಿಸಿದವನು, ಈಗಷ್ಟೇ ಜೇಬಿನಿಂದ ತೆಗೆದು ತೋರಿಸಿ ಬಂದವನು, ಅದೇ ಚಿರತೆಗೆ ಹೆದರಿ ಉಸಿರು ಬಿಗಿಹಿಡಿದು ನಿಂತಿದ್ದ. ಆಗ ಅವನಿಗೆ ಹೊಳೆಯಿತು. ಊರೆಲ್ಲ ಡೊಳ್ಳು ಬಡಿದು ಕೂಗಿದ ಮೇಲೆ ಅಂಜನಾ ಕೂಡ ನಂಬಿರಬೇಕು. ನಂಬಿ, ಉಸಿರೆತ್ತದೆ ಕೂತಿರಬೇಕು. ಅಪ್ಪ ಕರೆದರೂ ಓ ಎನ್ನಲು ಅಂಜಿರಬೇಕು, ಚಿರತೆಗೆ ಕೇಳಿಸೀತೆಂದು.

ಅವನು ಕೂಗಿದ:

"ಆರು ಬಿತ್ತವಾ, ಅಂಜೂ! ಆರು ಬಿತ್ತು!"

ಎಲೆಯೂ ಅಲುಗಲಿಲ್ಲ. ಹೊರಗೆ ಬನಶಂಕರಿ ಬಿಕ್ಕುವುದು ಕೇಳಿಸಿತು. ಆಮೇಲೆ ಬಲಗಡೆ, ಅವನು ಎಣಿಸಿದ್ದಕ್ಕಿಂತ ಬಹಳ ಹತ್ತಿರದಿಂದ, ಅತ್ತು ಅತ್ತು ಕಟ್ಟಿದ ಸಣ್ಣ ದನಿ:

"ಚಿರತಿ... ಮಲಗೇತೇನಪ್ಪಾ?"

"ಮಲಗೇತಿ. ಮಲಗೇತವಾ. ಬಾ."

*

ಬದುವಿನ ಮೇಲೆ ಬನಶಂಕರಿ ಮಗಳನ್ನು ಮೊದಲು ಒಂದು ಹೊಡೆದಳು, ಆಮೇಲೆ ಬಿಡಲೇ ಇಲ್ಲ. ಹುಡುಗಿಯ ಮೊಣಕೈ, ಕೆನ್ನೆ ಎಲ್ಲ ಗೀರು. "ಅವ್ವಾ, ನನ್ನ ಬಾಜೂಕ ಏನೋ ಉಸರಾಡತಿತ್ತು, ಖರೆ," ಎಂದು ಅವಳು ನಡುಗುತ್ತಲೇ ಹೇಳುತ್ತಿದ್ದಳು. ಅದು ಇಲಿಯೋ, ಹಂದಿಯೋ, ಅವಳ ಉಸಿರೇ ಇತ್ತೋ, ಯಾರೂ ಕೇಳಲಿಲ್ಲ. ಮಲಕಾಜಪ್ಪ ಎಣ್ಣೆ ಸುರಿದ ರವದಿಯ ಕಟ್ಟನ್ನು ತನ್ನ ಕಾಲಿಂದಲೇ ದೂರ ದೂರ ಒದೆಯುತ್ತ ಹೋದ. ಅದು ಎಷ್ಟು ದೂರ ಹೋದರೂ ಅವನಿಗೆ ಸಾಲದು.

ಮಂದಿ ಚದುರತೊಡಗಿತು. ಆಗ ಬಾಳು ಫೋನ್ ನೋಡುತ್ತ ಬಂದ. ಮುಖ ಇಳಿದಿತ್ತು.

"ಮಾಮಾ, ಇದನ್ನ ನೋಡ್ರಿ."

ಅದೇ ಚಿತ್ರ. ಅದೇ ಬೇವು, ಅದೇ ಬಾಲ. ನೀಲಿ ಬಾಗಿಲನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಕೆಳಗೆ ಊರ ಹೆಸರು ಬದಲಾಗಿತ್ತು. ಹೊಳೆಯ ದಂಡೆಯ ಇನ್ನೊಂದು ಹಳ್ಳಿ. 'ನಮ್ಮ ಹುಡುಗರು ಕಬ್ಬಿಗೆ ಮುತ್ತಿಗಿ ಹಾಕ್ಯಾರ. ಬೆಂಕಿಪೊಟ್ಟಣ ಹಿಡಕೊಂಡ ಬರ್ರಿ.'

ಪರಮಾನಂದ ಅಲ್ಲೇ ಬದುವಿನ ಮೇಲೆ ಕುಕ್ಕರಿಸಿದ. ಒಂದು ಕಬ್ಬಿನಿಂದ ಹೊರಗೆ ಬಂದವನಿಗೆ, ಈ ಸೀಮೆಯ ಕಬ್ಬೆಲ್ಲ ಒಂದೇ ಹೊಲವಾಗಿ ಕಂಡಿತು. ಅದರೊಳಗೆ ಯಾರ್‍ಯಾರ ಮಕ್ಕಳು ಕೂತಿದ್ದಾರೋ.

ಬನಶಂಕರಿ ಫೋನಿನಲ್ಲಿದ್ದುದನ್ನು ಓದಿದಳು. ಬಾಯಿ ತೆರೆದಳು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿದ. ಅವಳು ಬೋಳಾದ ಗೊಂಬೆ ಹೊಲವನ್ನು ನೆಲದಿಂದ ಎತ್ತಿಕೊಂಡು, ಬಿದ್ದ ಗಾಡಿಯ ಕಡೆ ನಡೆದಳು.

"ಏಳ್ರಿ, ಆ ಊರಿಗೆ ಹೋಗೂಣು," ಎಂದಳು. "ಅನಸಕ್ಕಾ, ಆ ಚಿರತಿ ಇತ್ತ ಕೊಡ್ರಿ. ಹುಡಿಗೀನ್ನ ನಿಮ್ಮ ಹಂತ್ಯಾಕ ಇಟ್ಗೋರಿ, ಕೈ ಬಿಡಬ್ಯಾಡ್ರಿ."

ಅನಸವ್ವ ಅಂಗೈ ತೆರೆದಳು. ಬಿಗಿ ಹಿಡಿದಿದ್ದಕ್ಕೆ ಚಿರತೆಯ ಒಂದು ಕಾಲು ಮುರಿದಿತ್ತು. ಬಾಲ ಮಾತ್ರ ಗಟ್ಟಿಯಾಗಿತ್ತು.