ತೆಂಗಿನ ಮರದಷ್ಟು ಎತ್ತರದ ಮಾವ

ಮದನ್ ಮಾವ ತೆಂಗಿನ ಮರದಷ್ಟು ಎತ್ತರ ಅಂತ ನಾನು ಬರೆದದ್ದು ಸುಳ್ಳೇ. ಮಾವ ಕುಳ್ಳ. ಆದರೆ ಹಾಗೆ ಬರೆಯಲು ಹೇಳಿಕೊಟ್ಟವರು ಯಾರು? ನಮ್ಮ ಇಂಗ್ಲಿಷ್ ಮೇಡಂ. ಬೈಗುಳ ಮಾತ್ರ ನನಗೆ. ಮೇಡಂ ಅವರನ್ನು ಯಾರಾದರೂ ಒಂದು ಮಾತು ಕೇಳಿದರೇ? ಇಲ್ಲ.

ಮಾವ ಅಂದರೆ ಅಮ್ಮನ ತಮ್ಮ. ಸೋಸಲೆಯಲ್ಲಿ ತಾತನ ಜೊತೆ ಇದ್ದಾನೆ, ಹಸು ಸಾಕಿ ಡೇರಿಗೆ ಹಾಲು ಹಾಕುತ್ತಾನೆ. ರಜೆ ಸಿಕ್ಕರೆ ನಾನು ಓಡುವುದು ಅಲ್ಲಿಗೇ. ಅವನಿಗೆ ಹೆಣ್ಣು ನೋಡಿ ನೋಡಿ ಮನೆಯವರೆಲ್ಲ ಸುಸ್ತಾಗಿದ್ದರು. ಹೋದ ಕಡೆಯೆಲ್ಲ ಉಪ್ಪಿಟ್ಟು, ಕೇಸರಿಬಾತು ಕೊಟ್ಟು ಕೊನೆಗೆ ಒಂದೇ ಮಾತು ಹೇಳುತ್ತಿದ್ದರು: ಹಸು ಮಾರಿ ಮೈಸೂರಲ್ಲಿ ಮನೆ ಮಾಡಿದರೆ ನೋಡೋಣ. ಮಾವ ಕೇಸರಿಬಾತು ಮುಗಿಸಿ ಕೈ ತೊಳೆದು ಎದ್ದು ಬರುತ್ತಿದ್ದ. ಈ ಸಲ ತಾತ ಸಿದ್ದಮಲ್ಲಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

"ಇದೊಂದು ಸಂಬಂದ ಕೂಡಿದ್ರೆ ಸರಿ. ಇಲ್ದಿದ್ರೆ ಅಸುಗಳ್ನೆಲ್ಲ ಮಾರಿ ಕೊಟ್ಟಿಗೆನೇ ಕೀಳುಸ್ಬುಡ್ತೀನಿ ಕಣ್ಲಾ. ನಂಗೆ ಸೊಸೆ ಬೇಕು."

ಮಾವ ಕೊಟ್ಟಿಗೆಗೆ ಹೋಗಿ ಗೌರಿ ಹಸುವಿನ ಕತ್ತು ತುರಿಸುತ್ತ ನಿಂತುಕೊಂಡ.

ಹುಡುಗಿ ಓದಿದವಳು, ಸರ್ಕಾರಿ ಕೆಲಸದವಳು, ಬಯೋಡೇಟಾ ಇಂಗ್ಲಿಷಿನಲ್ಲೇ ಇರಬೇಕು ಅಂತ ಮದುವೆ ದಲ್ಲಾಳಿ ಹೇಳಿದ್ದ. ನಮ್ಮ ಪೈಕಿ ಇಂಗ್ಲಿಷ್ ಪಂಡಿತೆ ಅಂದರೆ ಹುಲ್ಲಹಳ್ಳಿಯಲ್ಲಿ ಹತ್ತನೇ ಕ್ಲಾಸು ಓದುತ್ತಿರುವ ನಾನು, ಚೈತ್ರ. ತಾತ ಪೆನ್ನು ಕೈಗೇ ಕೊಟ್ಟರು.

"ಜೋರಾಗಿ ಬರಿಯವ್ವ. ಓದ್ದೋರು ಬೆಚ್ಚುಬೀಳ್ಬೇಕು."

ಬೆಚ್ಚಿಬೀಳಿಸುವುದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಪ್ರೊಫೈಲ್ ಬರೆಯುವ ಪ್ರಶ್ನೆ ಬರುತ್ತದೆ. ಹೆಸರು, ವಯಸ್ಸು, ಎತ್ತರ, ತೂಕ, ಹವ್ಯಾಸ, ಜನಪ್ರಿಯತೆಗೆ ಕಾರಣ ಇಷ್ಟು ಕೊಟ್ಟಿರುತ್ತಾರೆ, ನಾವು ಪ್ಯಾರಾ ಮಾಡಬೇಕು. ಶಿವರಂಜನಿ ಮೇಡಂ ಆ ವಾರವಷ್ಟೇ ಹೇಳಿದ್ದರು: ಬರೀ ಮಾಹಿತಿ ತುಂಬಿದರೆ ಪಾಸು, ಅಲಂಕಾರ ಸೇರಿಸಿದರೆ ಫುಲ್ ಮಾರ್ಕ್ಸ್. ನನ್ನ ಮಾವ ಬರೀ ಪಾಸಾಗುವುದು ನನಗೆ ಬೇಕಿರಲಿಲ್ಲ. ತೆಂಗಿನ ಮರದಷ್ಟು ಎತ್ತರ ಅಂತ ಸಿಮಿಲಿ ಹಾಕಿದೆ. ಸೋಸಲೆಯ ಸಿಂಹ, ಅದು ಮೆಟಫರ್. ಸಮುದ್ರದಷ್ಟು ಕಾಫಿ ಕುಡಿಯುತ್ತಾನೆ, ಅದು ಹೈಪರ್ಬೊಲಿ. ಅವನ ಬೈಕು ಡುಗ್ ಡುಗ್ ಡುಗ್ ಅನ್ನುತ್ತದೆ, ಅವನು ಊರಲ್ಲಿ ಇಲ್ಲದಿದ್ದರೆ ಹಸುಗಳು ಅಳುತ್ತವೆ. ಜನಪ್ರಿಯತೆಗೆ ಕಾರಣ, ದಾರಿಯಲ್ಲಿ ಕೈ ಅಡ್ಡ ಹಾಕಿದವರಿಗೆಲ್ಲ ಡ್ರಾಪ್ ಕೊಡುತ್ತಾನೆ. ತೂಕವನ್ನೂ ಬರೆದೆ. ಮದುವೆ ಬಯೋಡೇಟಾದಲ್ಲಿ ತೂಕ ಬರೆಯುವುದಿಲ್ಲ ಅಂತ ಆಮೇಲೆ ಅಮ್ಮ ಬೈದಳು, ನಾನೇನು ಕನಸು ಕಂಡಿದ್ದೆನೇ? ತಾತ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಅಕ್ಷರ ದುಂಡಗಿದೆ ಅಂತ ಮೆಚ್ಚಿಕೊಂಡು ದಲ್ಲಾಳಿಗೆ ಕೊಟ್ಟರು.

ಮುಂದಿನ ವಾರ ಶಾಲೆಯಲ್ಲಿ ಇಂಗ್ಲಿಷ್ ರಿವಿಷನ್ ಇತ್ತು. ಮೇಡಂ ನಗುನಗುತ್ತ ಬಂದರು.

"ಪುಸ್ತಕದ ಉದಾಹರಣೆ ಕೇಳಿ ಕೇಳಿ ನಿಮಗೂ ಬೇಜಾರು, ನನಗೂ ಬೇಜಾರು. ಇವತ್ತು ಒಂದು ಹೊಸ ಪ್ಯಾರಾ ತಂದಿದ್ದೀನಿ. ಯಾವ ಸಾಲಲ್ಲಿ ಯಾವ ಅಲಂಕಾರ ಇದೆ, ಹೇಳಿ ನೋಡೋಣ."

ಬೋರ್ಡಿನ ಮೇಲೆ ಬರೆದರು: ಮಿಸ್ಟರ್ ಎಕ್ಸ್ ಈಸ್ ಆ್ಯಸ್ ಟಾಲ್ ಆ್ಯಸ್ ಎ ಕೋಕನಟ್ ಟ್ರೀ.

ಅದು ನಾನು ಬರೆದ ಸಾಲು! ಸಿಮಿಲಿ, ಸಿಮಿಲಿ ಅಂತ ಕ್ಲಾಸೆಲ್ಲ ಕೂಗಿತು. ಸಿಂಹ ಬಂತು. ಸಮುದ್ರದ ಕಾಫಿ ಬಂತು. ಡುಗ್ ಡುಗ್ ಬಂದಾಗ ಹುಡುಗರು ಬೆಂಚಿನ ಮೇಲೇ ಬೈಕು ಓಡಿಸಿದರು. ತೂಕ ಬಂದಾಗ ಮೇಡಂ ಕೂಡ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹಿಂದಿನ ಬೆಂಚಿನ ಬಸವೇಶ್, ಅವನ ನಾಲಿಗೆಗೆ ಹುಳ ಬೀಳ, ಎದ್ದು ನಿಂತ.

"ಮೇಡಂ, ಹಸು ಅಳುತ್ತೆ ಅನ್ನೋದು ಪರ್ಸನಿಫಿಕೇಷನ್. ಈವಯ್ಯಂಗೆ ಹೆಣ್ಣು ಕೊಡೋರು ಅಳೋದು ಮಾತ್ರ ನಿಜ!"

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ಮುಚ್ಚೋ ಬಾಯಿ! ಅವ್ನು ನಮ್ಮಾವ!" ಅಂದೆ. ಮೇಡಂ ಕಡೆ ತಿರುಗಿದೆ. "ನಗೋಕೆ ಅಂತ ಬರ್ದಿದ್ದಲ್ಲ ಮೇಡಂ. ಹೆಣ್ಣು ಸಿಕ್ಲಿ ಅಂತ ಬರ್ದಿದ್ದು. ನೀವು ಹೇಳ್ಕೊಟ್ಟಂಗೇ ಬರ್ದಿದ್ದು!"

ಅಷ್ಟು ಹೇಳುವಷ್ಟರಲ್ಲಿ ಅಳುವೂ ಬಂದುಬಿಟ್ಟಿತು. ಮೇಡಂ ಕೆಂಪಗಾಗಿ ಬೋರ್ಡು ಒರೆಸಿ, ನನ್ನನ್ನು ಸ್ಟಾಫ್ ರೂಮಿಗೆ ಕರೆದುಕೊಂಡು ಹೋದರು.

"ತಪ್ಪಾಯ್ತು ಕಣೇ ಚೈತ್ರ. ಹೆಸರು ತೆಗೆದಿದ್ದೀನಲ್ಲ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಹತ್ತನೇ ಕ್ಲಾಸಿನವರು ಯಾರೋ ಬರೆದಿದ್ದಾರೆ ಅಂತ ಗೊತ್ತಾಗಿತ್ತು. ನನ್ನ ಕ್ಲಾಸಿನವಳೇ ಅಂತ ಗೊತ್ತಿರಲಿಲ್ಲ."

"ನಿಮ್ಗೆ ಅದು ಎಲ್ಲಿ ಸಿಕ್ತು ಮೇಡಂ?"

ಮೇಡಂ ಕಿಟಕಿ ಕಡೆ ನೋಡಿದರು. "ನಂಜನಗೂಡಲ್ಲಿ ನಮ್ಮನೆಗೆ ಬಂತು. ನನಗೇ."

ಅಯ್ಯೋ ಶಿವನೇ! ನನ್ನ ಅಳು ಅಲ್ಲೇ ನಿಂತಿತು. ಮೇಡಂ ನನ್ನ ಕಡೆ ತಿರುಗಿದರು.

"ಅದರಲ್ಲಿ ಅಲಂಕಾರ ಎಲ್ಲ ತೆಗೆದರೆ ಏನು ಉಳಿಯುತ್ತೆ, ಹೇಳು."

"ಮಾವ ಕುಳ್ಳ ಮೇಡಂ," ಅಂದೆ. ಇನ್ನು ಸುಳ್ಳು ಹೇಳಿ ಏನು ಪ್ರಯೋಜನ? "ಸಿಂಹನೂ ಅಲ್ಲ. ಜೋರು ಮಾತೇ ಬರಲ್ಲ. ಆದ್ರೆ ಹಸು ಅಳೋದು ಅಲಂಕಾರ ಅಲ್ಲ, ನಿಜ. ಮಾವ ಇಲ್ದಿದ್ರೆ ಗೌರಿ ಯಾರ್ಗೂ ಹಾಲೇ ಕೊಡಲ್ಲ."

"ಸುಮ್ನೆ ಹೇಳ್ತೀಯ."

"ನಮ್ಮಮ್ಮನಾಣೆ."

ಮೇಡಂ ಕಣ್ಣಲ್ಲಿ ತುಂಟತನ ಕಂಡಿತು. "ಹಾಗಾದರೆ ಭಾನುವಾರ ಮನೆ ನೋಡೋಕೆ ಬರ್ತೀವಿ. ಹಾಲು ಕರೆಯೋ ಹೊತ್ತಿಗೇ ಬರ್ತೀವಿ. ಆಗ ನಿಮ್ಮ ಮಾವ ಮನೇಲಿ ಇರಬಾರದು. ಅದು ನಿನ್ನ ಜವಾಬ್ದಾರಿ."

ಹೆಣ್ಣಿನವರು ಗಂಡಿನ ಮನೆ ನೋಡಲು ಬರುವುದು ನಮ್ಮ ಕಡೆ ಪದ್ಧತಿ. ಹುಡುಗಿ ಮಾತ್ರ ಬರುವುದಿಲ್ಲ. ಮೇಡಂ ಅಪ್ಪ ಅಮ್ಮನ ಜೊತೆ ಕಾರಿನಿಂದ ಇಳಿದಾಗ ಅಜ್ಜಿ ಗಾಬರಿಯಾಗಿ ಆರತಿ ತಟ್ಟೆ ಹುಡುಕತೊಡಗಿದಳು. ಮಾವನನ್ನು ನಾನು ಮಲ್ಲಿಗೆ ಹೂ ತರಲು ನರಸೀಪುರಕ್ಕೆ ಓಡಿಸಿದ್ದೆ.

ಮೇಡಂ ನೇರ ಕೊಟ್ಟಿಗೆ ಬಾಗಿಲಿಗೆ ಬಂದು, "ಹಾಲು ಕರೆಯೋದು ನೋಡಬೇಕು," ಅಂದರು. ಗತ್ತು ತೋರಿಸಲು ತಾತನೇ ಬಿಳಿ ಪಂಚೆ ಎತ್ತಿ ಕಟ್ಟಿ ಕೂತರು. ಗೌರಿ ಒಂದು ಹನಿ ಇಳಿಸಲಿಲ್ಲ. ರಸ್ತೆ ಕಡೆ ಕತ್ತು ಚಾಚಿ ಅಂಬಾ, ಅಂಬಾ ಅಂತ ಒಂದೇ ಸಮನೆ ಕೂಗಿದಳು. ತಾತ ಇನ್ನೊಂದು ಸಲ ಕೈ ಹಾಕಿದ್ದೇ ತಡ, ಝಾಡಿಸಿ ಒದ್ದಳು. ಬಕೆಟ್ಟು ಬಾಗಿಲಿಗೆ ಉರುಳಿತು, ತಾತ ಸಗಣಿಯ ಮೇಲೆ ಕೂತರು.

"ಇದ್ರ ಮನೆ ಕಾಯ್ವೋಗ! ನಾಳೇನೇ ಮಾರ್ತೀನಿ!"

ಅಷ್ಟರಲ್ಲಿ ಕಬ್ಬಿನ ಗದ್ದೆ ಆಚೆಯಿಂದ ಡುಗ್ ಡುಗ್ ಡುಗ್ ಕೇಳಿಸಿತು. ಗೌರಿ ಕಿವಿ ನೆಟ್ಟಗೆ ಮಾಡಿ ಸುಮ್ಮನಾದಳು. ಮೇಡಂ ನನ್ನ ಮುಖ ನೋಡಿದರು. ನಾನು ಬೀಗಿದೆ.

ಮಾವ ಹಿತ್ತಲಿನ ಕಡೆಯಿಂದ ಕೊಟ್ಟಿಗೆಗೇ ಬಂದ. ಹೂವಿನ ಪೊಟ್ಟಣವನ್ನು ಗೂಟಕ್ಕೆ ಸಿಕ್ಕಿಸಿ, ಇಸ್ತ್ರಿ ಅಂಗಿಯಲ್ಲೇ ಕುಕ್ಕರಗಾಲಲ್ಲಿ ಕೂತ. "ಬಂದೆ ಕಣವ್ವ, ಬಂದೆ," ಅಂತ ಗೌರಿಯ ಮೈ ಸವರಿದ. ಹಾಲು ಸೊರ್ ಸೊರ್ ಎಂದು ಇಳಿಯಿತು. ಹಿಂದೆ ಯಾರಿದ್ದಾರೆ ಅಂತ ತಿರುಗಿಯೂ ನೋಡಲಿಲ್ಲ.

"ಚೈತ್ರ, ಎಣ್ಣೆ ಬಟ್ಲು ಕೊಡು."

ಬಟ್ಟಲು ಕೊಟ್ಟದ್ದು ಮೇಡಂ. ಬಳೆ ಸದ್ದಿಗೆ ತಿರುಗಿದ ಮಾವನಿಗೆ ಬೆವರು ಕಿತ್ತುಕೊಂಡಿತು. ಆದರೂ ಮಾತಾಡಿದ, ಪುಣ್ಯಾತ್ಮ.

"ಆ ಪೇಪರ್ನಾಗೆ ಇವ್ಳು ಏನ್ ಬರ್ದವ್ಳೋ ನಂಗೊತ್ತಿಲ್ಲ ಮೇಡಂ. ನಂಗೆ ಇಂಗ್ಲೀಸ್ ಬರಲ್ಲ, ಪಿಯುಸಿ ಡುಮ್ಕಿ ಒಡ್ದಿದ್ದೇ ಅದ್ರಲ್ಲಿ. ಸುಳ್ಳಿದ್ರೆ ಗೀಟಾಕ್ಬುಡಿ."

ಮೇಡಂ ಕೈಚೀಲದಿಂದ ನನ್ನ ದುಂಡು ಅಕ್ಷರದ ಹಾಳೆಯನ್ನೂ ಕೆಂಪು ಪೆನ್ನನ್ನೂ ತೆಗೆದರು. ತಾತ ಪಂಚೆ ಒದರುವುದನ್ನು ನಿಲ್ಲಿಸಿದರು.

"ತೆಂಗಿನ ಮರ ತೆಗೀತೀನಿ," ಅಂತ ಒಂದು ಗೀಟು ಎಳೆದರು. "ಸಿಂಹ ಬೇಡ. ಕಾಫಿ ಕಡಿಮೆ ಮಾಡಬೇಕು." ಆಮೇಲೆ ಗೌರಿಯ ಕಡೆ ನೋಡಿ, ಪೆನ್ನಿನ ಮುಚ್ಚಳ ಹಾಕಿದರು.

"ಹಸುಗಳು ಇರಲಿ."

ಮಾವನ ಕೈ ಕೆಚ್ಚಲಲ್ಲೇ ನಿಂತುಹೋಯಿತು. ಅವನ ಕಣ್ಣು ತುಂಬಿದ್ದನ್ನು ನಾನೇ ನೋಡಿದೆ. ಖುಷಿಗೆ ನಾನು ಮನೆಯೊಳಗೆ ಓಡಿ ಅಜ್ಜಿಯನ್ನು ಅಪ್ಪಿಕೊಂಡೆ. ಹೋಮ್‌ವರ್ಕ್ ತಪ್ಪಿಸಿಕೊಂಡು ಓಡಿಬರಲು ಇದ್ದ ಒಂದೇ ಜಾಗಕ್ಕೆ ಇಂಗ್ಲಿಷ್ ಮೇಡಂ ಅವರನ್ನು ನಾನೇ ತಂದು ಕೂರಿಸಿದ್ದೇನೆ ಅನ್ನುವುದು ಹೊಳೆದದ್ದು, ಅವರು ಕೆಂಪು ಪೆನ್ನು ಹಿಡಿದುಕೊಂಡೇ "ಚೈತ್ರಾ, ಬಾ ಇಲ್ಲಿ, ಸ್ಪೆಲ್ಲಿಂಗು ನೋಡೋಣ," ಅಂತ ಕೂಗಿದಾಗ.