ಎತ್ತುವ ಬಟನ್

ಆಟೋ ಬಂತೇನೋ, ಅಲ್ಲ, ಪಕ್ಕದ ಶೇಖರಮ್ಮನ ಮನೆಯ ಮಿಕ್ಸರ್, ಹಾಳಾದ್ದು ಎದೆ ಝಲ್ಲೆನ್ನಿಸಿತು, ನಾಹೀದಾ ಮತ್ತೆ ಉಳ್ಳಾಗಡ್ಡಿ ಹೆಚ್ಚತೊಡಗಿದಳು, ಹೆಚ್ಚುವ ತನ್ನ ಕೈಗಳನ್ನೇ ನೋಡಿದಳು, ಫೋನಿನ ಆ ಬಂದೂಕಿನ ಆಟದಲ್ಲೂ ಹೀಗೇ, ಬರೀ ಎರಡು ಕೈ, ಕೆಳಗೆ ನೋಡಿದರೆ ಕಾಲೇ ಇಲ್ಲ, ಕಾಲಿಲ್ಲದವಳು ಓಡುತ್ತಾಳಂತೆ, ಮಾಳಿಗೆಯಿಂದ ಜಿಗಿದರೂ ಏನೂ ಆಗದವಳಿಗೆ ಮೊಣಕಾಲೆತ್ತರದ ಕಟ್ಟೆ ದಾಟಲಾಗುವುದಿಲ್ಲ, ಎದುರಿಗೆ ಬಾಗಿಲಿರುತ್ತದೆ, ಚಿಲಕವೂ ಇರುತ್ತದೆ, ತೆರೆಯುವುದಿಲ್ಲ, ಬರೀ ಬಣ್ಣ, ಯಾರಪ್ಪಾ ಇದನ್ನೆಲ್ಲ ಮಾಡಿದವರು, ಒಂದು ಸಲವಾದರೂ ತಾವೇ ಆಡಿ ನೋಡಿದ್ದಾರೆಯೇ — ಆಡಲು ಕರೆದವನು ರೆಹಮಾನನೇ, ಇರಕಲ್ಲಗಡದ ಹುಡುಗ, ಇವಳಿಗೆ ನಿಶ್ಚಯವಾದವನು, ಮಂಗನಿಯಾದ ಮೇಲೆ ನಿಕಾಹ ಆಗುವ ತನಕ ಹುಡುಗ ಹುಡುಗಿ ಮಾತಾಡಬಾರದು ಅಂತ ಅಬ್ಬಾ ಕಟ್ಟುನಿಟ್ಟು ಮಾಡಿದಾಗ ಗೆಳತಿ ಗುಲ್ಶನಳ ಕೈಲಿ ಹೇಳಿ ಕಳಿಸಿದ್ದ, ಮಾತಾಡಬ್ಯಾಡ ಅಂದಾರ, ಆಟ ಆಡಬ್ಯಾಡ ಅಂದಿಲ್ಲಲ್ಲ, ಬಾ. ಹೋದಳು. ಮೈಕ್ ಬಂದ್, ಅಮ್ಮಿಗೆ ಕೇಳಿಸಬಾರದಲ್ಲ, ಆಟವೇ ಕೊಟ್ಟ ಸಿದ್ಧ ಮಾತುಗಳಷ್ಟೇ ಇಬ್ಬರ ನಡುವೆ, ನನ್ನ ಹಿಂದೆ ಬಾ, ಗುಂಡು ಬೇಕು, ಥ್ಯಾಂಕ್ ಯೂ, ಅಷ್ಟರಲ್ಲೇ ಎಷ್ಟೊಂದು ಮಾತಾಡಿದ್ದರು, ನನ್ನ ಹಿಂದೆ ಬಾ ಅಂತ ಅವನು ಒತ್ತಿದರೆ ಇವಳ ಕೆನ್ನೆ ಬಿಸಿಯಾಗುತ್ತಿತ್ತು, ನಾಚಿಕೆಯಿಲ್ಲದವಳು.

ನಿನ್ನೆ ಮಧ್ಯಾಹ್ನ ಏನಾಯಿತು, ಸರಿಯಾಗಿ ನೆನೆಸಿಕೋ, ಅವನಿಗೆ ಗುಂಡು ಬಿತ್ತು, ಬಿದ್ದ, ಸತ್ತಿರಲಿಲ್ಲ, ಬಿದ್ದವರನ್ನು ಜೊತೆಯವರು ಎತ್ತಿದರೆ ಏಳುತ್ತಾರೆ, ಕೈ ಚಾಚಿದ, ಓಡಿ ಹೋಗಿ ಎತ್ತುವ ಬಟನ್ ಒತ್ತಿದಳು, ಒತ್ತಿಯೇ ಒತ್ತಿದಳು ಅಲ್ಲವೇ, ಆದರೆ ಅವನ ಪಕ್ಕದಲ್ಲಿ ಅವನದೇ ಬಂದೂಕು ಬಿದ್ದಿತ್ತು, ಮನುಷ್ಯನನ್ನು ಎತ್ತಲೂ ಬಂದೂಕು ಎತ್ತಲೂ ಒಂದೇ ಬಟನ್ — ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ — ತನ್ನದು ಕೆಳಗೆ ಬಿದ್ದು ಕೈಗೆ ಅವನ ಬಂದೂಕು ಬಂತು, ಮತ್ತೆ ಒತ್ತಿದಳು, ಅದನ್ನು ಕೆಳಗಿಟ್ಟು ತನ್ನ ಹಳೆಯದನ್ನು ಎತ್ತಿತು, ಮತ್ತೆ ಒತ್ತಿದಳು, ಮತ್ತೆ ಬಂದೂಕೇ, ತಪ್ಪಾಯ್ತು ಅನ್ನಲು ಹುಡುಕಿದಳು, ಸಿದ್ಧ ಮಾತುಗಳಲ್ಲಿ ಅದೊಂದೇ ಇಲ್ಲ, ಗಡಿಬಿಡಿಯಲ್ಲಿ ಬೆರಳು ಜಾರಿತು, ಥ್ಯಾಂಕ್ ಯೂ ಅಂತು ಆಟ, ಖುಷಿಯ ದನಿಯಲ್ಲಿ, ಅವನು ಕೈ ಚಾಚಿಕೊಂಡೇ ಸತ್ತ. ಅವನ ಹೆಸರಿನ ಮುಂದಿನ, ಆಟದಲ್ಲಿದ್ದಾನೆ ಅನ್ನುವ ಹಸಿರು ಚುಕ್ಕೆ ಆರಿತು, ಇನ್ನೂ ಹತ್ತಿಲ್ಲ, ಸಿಟ್ಟೇ, ನೆಟ್‌ವರ್ಕೇ, ಕರೆಂಟ್ ಹೋಗಿತ್ತೇ, ಹುಚ್ಚಿ, ಆಟಕ್ಕ ಯಾರರ ಮಂಗನಿ ಮುರೀತಾರೇನ, ಗುಲ್ಶನ ನಕ್ಕಿದ್ದಳು, ಮುರಿಯುವುದಿಲ್ಲ, ಸರಿ, ಆದರೆ ಇವಳು ನನಗಿಂತ ಸಾಮಾನು ನೋಡುವವಳು ಅಂತ ಅವನ ಮನಸ್ಸಿಗೆ ಬಂದುಬಿಟ್ಟರೆ, ಜನ್ಮವೆಲ್ಲ ಅದೇ ಉಳಿದರೆ, ಅದೂ ಇವತ್ತು ಅವನ ತಾಯಿ ತಾಜಬೀ ಬರುವ ದಿನ, ಬಳೆಯ ಅಳತೆಗೆ, ಹೇಳಿರುತ್ತಾನೆಯೇ ತಾಯಿಗೆ, ಹೇಳಿದರೆ ಕದ್ದು ಆಡಿದ್ದು ಬಯಲಾಗುತ್ತದೆ, ಹೇಳಿರಲಾರ, ಹೇಳಿದ್ದರೆ —

ನಾಹೀದಾ, ಆಟೋ ಬಂತು, ಹೊರಗ ಹೋಗ, ಬೀಗರು ಬಂದ್ರ ಮೊದಲ ಕೈಯಾನ ಚೀಲ ಇಸ್ಕೋಬೇಕು, ನೆನಪೈತಿಲ್ಲ, ಅಮ್ಮಿಯ ಕೂಗು, ನೆನಪಿದೆ, ಬೀಗರ ಕೈಯಲ್ಲಿ ಚೀಲ ಬಿಟ್ಟರೆ ಮನೆತನಕ್ಕೆ ಮಾತು, ದುಪಟ್ಟಾ ತಲೆಗೆಳೆದು ಓಡಿದಳು, ಕಾಲಿವೆ, ಸದ್ಯ, ಇಲ್ಲಿ ಕಾಲಿವೆ, ಆಟೋದಲ್ಲಿ ತಾಜಬೀ, ತುಂಬು ಮೈಯವರು, ತೊಡೆಯ ಮೇಲೆ ಚೀಲ, ನಗುತ್ತಿದ್ದಾರೆ, ಹಾಗಾದರೆ ಅವನು ಹೇಳಿಲ್ಲ, ಅಥವಾ ಹೇಳಿಯೂ ನಗುತ್ತಿದ್ದಾರೆ, ಬೇಟಿ, ತಾಜಬೀ ಅಂದರು, ಇಳ್ಯಾಕ ಬರವಲ್ದು, ಮೊಣಕಾಲ ಹಿಡಕೊಂಡಾವ, ಬರೂದಿಲ್ಲಪಾ ನಾ ಬಿದ್ದುಗಿದ್ದೇನು ಅಂದ್ರ ರೆಹಮಾನ ಏನಂದ ಗೊತ್ತೇನ, ಅಂಜಬ್ಯಾಡ ಹೋಗು, ಬಿದ್ರ ನಾಹೀದಾ ಎತ್ತತಾಳ ಅಂದ — ಎತ್ತುತ್ತಾಳೆ ಅಂದನೇ, ಚುಚ್ಚಿ ಅಂದನೋ, ನಕ್ಕು ಅಂದನೋ, ಮರೆತು ಅಂದನೋ, ತಾಜಬೀ ಕೈ ಚಾಚಿದರು, ನಾಹೀದಾ ಎರಡೂ ಕೈ ಮುಂದೆ ಮಾಡಿದಳು, ಎತ್ತಿದಳು, ಹಗುರವಾಗಿತ್ತು, ನೋಡಿದರೆ ಚೀಲ, ಎದೆಗವಚಿಕೊಂಡು ನಿಂತಿದ್ದಾಳೆ, ತಪ್ಪಾಯ್ತು ಅನ್ನಬೇಕು, ಬಾಯಿಂದ ಬಂದದ್ದು ಥ್ಯಾಂಕ್ ಯೂ, ಆಟೋದ ಬಾಗಿಲಲ್ಲಿ ಆ ಕೈ, ಖಾಲಿ ಕೈ, ಇನ್ನೂ ಚಾಚಿಕೊಂಡೇ ಇರುವ ಕೈ