ಬೂಮಿನ ಕೆಳಗಿನ ಜಾಗ

ದೊಡ್ಡಮ್ಮ ದೋಣಿ ಹತ್ತದೆ ಒಂದು ಬೇಸಿಗೆ ಪೂರ್ತಿ ಕಳೆದಿತ್ತು. ಹಾಯಿಯ ಬುಡ ಹಿಡಿದಿರುವ ಅಡ್ಡಕಂಬ, ನಮ್ಮ ಬಾಯಲ್ಲಿ ಬೂಮ್, ಅವಳ ಹೆಗಲ ಮೇಲೆ ಬಿದ್ದಿತ್ತು. ಹಾಯಿ ಏರಿರುವಾಗ ಬೂಮನ್ನು ಹಾಯಿಯೇ ಹೊರುತ್ತದೆ. ಹಾಯಿ ಇಳಿಸುವ ಮೊದಲು, ಕೂವೆಯ, ಅಂದರೆ ಹಾಯಿ ಏರಿಸುವ ನೆಟ್ಟಗಂಬದ, ತುದಿಯಿಂದ ಬರುವ ಹಗ್ಗವನ್ನು ಬಿಗಿದು ಬೂಮಿನ ಭಾರವನ್ನು ಅದಕ್ಕೆ ಒಪ್ಪಿಸಬೇಕು. ದೊಡ್ಡಪ್ಪ ಮಾತಿನ ಭರದಲ್ಲಿ ಅದನ್ನು ಮರೆತಿದ್ದರು.

ಅಂದಿನಿಂದ ಅವರಿಗೆ ಒಂದೇ ಹಟ. ಆ ಹಗ್ಗ ಕಿತ್ತೆಸೆದು, ಕೂವೆಯ ಬುಡದಿಂದ ಬೂಮಿಗೆ ಓರೆಯಾಗಿ ಒತ್ತು ಕೊಡುವ ಸ್ಪ್ರಿಂಗ್ ಕೋಲು ಹಾಕಿಸಬೇಕು.

"ಇದಕ್ಕೆ ಮರೆವಿಲ್ಲ ಕಣೇ," ಎಂದರು ದೋಣಿ ಸಾಮಾನಿನ ಅಂಗಡಿಯಲ್ಲಿ, ಕೋಲನ್ನು ಮಗುವಿನಂತೆ ಎತ್ತಿಕೊಂಡು.

"ಹಗ್ಗ ಬಿಗಿ ಇದೆಯೋ ಇಲ್ವೋ ಕಣ್ಣಿಗೆ ಕಾಣತ್ತೆ," ಎಂದಳು ದೊಡ್ಡಮ್ಮ. "ಈ ಕೊಳವೆ ಒಳಗೆ ಸ್ಪ್ರಿಂಗು ಎಚ್ಚರ ಇದೆಯೋ, ನಿಮ್ಮ ಥರ ನಿದ್ದೆ ಹೊಡೀತಿದೆಯೋ, ಯಾರಿಗ್ಗೊತ್ತು?"

ಅಂಗಡಿಯವನು ನಕ್ಕ. "ಕಟ್ಟಿ ನೋಡಿ ಅಕ್ಕ. ನಂಬಿಕೆ ಬರದಿದ್ರೆ ವಾಪಸ್ ತನ್ನಿ. ಯಜಮಾನ್ರನ್ನ ಮಾತ್ರ ವಾಪಸ್ ತಗೊಳಲ್ಲ."

ದೊಡ್ಡಮ್ಮ ನಗಲಿಲ್ಲ. "ನಂಬಿಕೆ ಬರದಿದ್ರೆ ಕೋಲಲ್ಲ, ದೋಣೀನೇ ಮಾರೋಣ."

ದೊಡ್ಡಪ್ಪನ ಮುಖ ಸಪ್ಪೆಯಾಯಿತು. ಆ ದೋಣಿ ಬಿಟ್ಟರೆ ಅವರಿಬ್ಬರಿಗೂ ಬೇರೆ ಲೋಕವಿರಲಿಲ್ಲ.

ಕೋಲು ಕೂರಿಸಿದ ದಿನ ಗಾಳಿ ಉಸಿರಿನಷ್ಟೇ ಇತ್ತು. ದೋಣಿಯನ್ನು ದಡದ ದಕ್ಕೆಗೆ ಕಟ್ಟಿದ್ದ ಹಾಗೆಯೇ ಹಾಯಿ ಏರಿಸಿದೆವು. ದೊಡ್ಡಮ್ಮ ನೇರ ಹೋಗಿ ಬೂಮಿನ ಕೆಳಗೆ, ತನ್ನ ಹಳೆಯ ಜಾಗದಲ್ಲೇ ಕುಳಿತಳು.

"ಅಲ್ಲಿ ಬೇಡ," ಎಂದರು ದೊಡ್ಡಪ್ಪ.

"ಇಲ್ಲಿ ಕೂರಕ್ಕಾಗದಿದ್ರೆ ಇನ್ನೆಲ್ಲಿ ಕೂತು ಏನುಪಯೋಗ? ಹಾಯಿ ಇಳಿಸೋದು ನೀನು ಮಗಳೇ. ಇವರು ಬರೀ ನೋಡ್ಲಿ."

ಜೀವ ಕೈಯಲ್ಲಿ ಹಿಡಿದುಕೊಂಡು ಹಾಯಿಯ ಹಗ್ಗ ಸಡಿಲಿಸಿದೆ.

ಹಾಯಿ ಮಡಿಕೆ ಮಡಿಕೆಯಾಗಿ ಕುಸಿಯಿತು. ಬೂಮ್ ಗೇಣುದ್ದ ತಗ್ಗಿತು. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡರು. ಆಮೇಲೆ ಅದು ನಿಂತಿತು. ಮೇಲಿನಿಂದ ಯಾವ ಹಗ್ಗವೂ ಹಿಡಿದಿರಲಿಲ್ಲ, ಕೆಳಗಿನಿಂದ ಯಾರ ಕೈಯೂ ತಡೆದಿರಲಿಲ್ಲ. ಎರಡು ಆಳುದ್ದಕ್ಕೂ ಮೀರಿದ ಆ ಕಂಬ, ಇಡೀ ಹಾಯಿಯನ್ನು ಬೆನ್ನ ಮೇಲೆ ಹೊತ್ತು, ಮಲಗಿದ ಕೂಸಿನ ಮೇಲೆ ಬಾಗಿದವರ ಹಾಗೆ ಮೆಲ್ಲಗೆ ತೂಗಿ ಸುಮ್ಮನಾಯಿತು. ಕೊಳವೆಯಿಂದ ಒಂದು ನಿಟ್ಟುಸಿರು ಬಂದಿತು, ಅಷ್ಟೇ. ಪುಸ್ತಕದಲ್ಲಿ ಭಾರವೆಂದರೆ ಬಾಣದ ಗುರುತೆಂದು ಓದಿದ್ದೆ. ಭಾರ ಹೀಗೆ ಕಣ್ಣೆದುರೇ ಒಂದು ಮಾತು ಕೇಳಿ ನಿಲ್ಲುವುದನ್ನು ನೋಡಿರಲಿಲ್ಲ.

ದೊಡ್ಡಮ್ಮ ಎದ್ದು, ಹೆಗಲಿಗೆ ಪೆಟ್ಟು ಬಿದ್ದಾಗಿನಿಂದ ಎದೆಮಟ್ಟಕ್ಕೂ ಏಳದ ತನ್ನ ಸೋತ ಕೈಯನ್ನು ಒಳ್ಳೆಯ ಕೈಯಿಂದ ಎತ್ತಿ ಬೂಮಿನ ಮೇಲಿಟ್ಟು, ಮೈಭಾರವೆಲ್ಲ ಹಾಕಿ ಅದುಮಿದಳು. ಬೂಮ್ ತುಸು ತಗ್ಗಿತು. ಅವಳು ಬಿಟ್ಟಳು. ಬೂಮ್ ಎದ್ದಿತು, ಅದರೊಂದಿಗೆ ಆ ಕೈಯೂ ನಿಧಾನವಾಗಿ ಎದೆ ದಾಟಿ ಮೇಲೇರಿತು. ನಾವು ಮೂವರೂ ಅದನ್ನೇ ನೋಡುತ್ತ ನಿಂತೆವು.

"ಮೇಲಿನ ಹಗ್ಗಾನೂ ಇರಲಿ, ಸಡಿಲವಾಗಿ," ಎಂದಳು ಕೊನೆಗೆ. "ಇದೂ ಒಂದು ದಿನ ಸುಸ್ತಾಗತ್ತೆ. ಈಗ ದೋಣಿ ಕಟ್ಟು ಬಿಚ್ರೀ, ಸ್ವಲ್ಪ ಆಚೆ ಹೋಗಿಬರೋಣ."